ಅಜ್ಜನ ಕೋವಿಗೆ ಗರಗಸ

ಕೋವಿಯ ಬೆಲೆ ಕೇಳಿ ತೆಂಗಿನಕಾಯಿ ಒಡೆಯುವುದಿಲ್ಲ. ಹೋದ ವರ್ಷ ಕೊಡಗಿನ ಆಯುಧಪೂಜೆಯ ಹಬ್ಬವಾದ ಕೈಲ್ ಮುಹೂರ್ತದ ಸ್ಪರ್ಧೆಯಲ್ಲಿ, ಮರದ ತುದಿಯ ಕಾಯಿಗೆ ಬೊಳ್ಳಮ್ಮ ಹೊಡೆದ ಮೂರು ಗುಂಡೂ ತಪ್ಪಿದ್ದವು. ಕೋವಿ ಆರಡಿ ಎತ್ತರವಿದ್ದ ಅಜ್ಜನದು. ಹೆಗಲಿಗೆ ಆನಿಸುವ ಅದರ ಮರದ ಹಿಡಿ ಅವಳಿಗೆ ಉದ್ದ. ಮನೆಯವರು ವರ್ಷವರ್ಷ ಅದಕ್ಕೆ ಹೂ ಮುಡಿಸಿದರೇ ಹೊರತು ಉಳಿ ಮುಟ್ಟಿಸಿರಲಿಲ್ಲ.

"ನನ್ನ ಹಾಗೆ ಲಕ್ಷಗಟ್ಟಲೆ ಕೊಟ್ಟು ಹೇಳಿ ಮಾಡಿಸಿದ ರೈಫಲ್ ತಗೊ ಅಕ್ಕ," ಎಂದಿದ್ದ ತಮ್ಮ ತೀರ್ಥಪ್ರಸಾದ್.

ಈ ಸಲ ಅವಳು ಆಚಾರಿಯಿಂದ ಹಿಡಿಯನ್ನು ಎರಡಂಗುಲ ಕೊಯ್ಯಿಸಿದಳು.

"ಅಜ್ಜನ ಕೋವಿಗೆ ಗರಗಸ ಹಾಕುದಾ?" ತಮ್ಮ ಹೌಹಾರಿದ.

"ಹೆಗಲು ನಂದು ಮಾರಾಯ. ಅಜ್ಜ ಬಂದು ಗುರಿ ಹಿಡಿತಾರಾ?"

ಸ್ಪರ್ಧೆಯಲ್ಲಿ ಅವಳ ಎರಡನೇ ಗುಂಡಿಗೆ ಕಾಯಿ ಚೂರಾಯಿತು.

ಲಕ್ಷ ಸುರಿಯುವ ಮೊದಲು ಮನೆಯ ಕೋವಿಯನ್ನು ನಿಮ್ಮ ಹೆಗಲಿಗೆ ಹೊಂದಿಸಿ ನೋಡಿ.