ಬಾಯಿಗೆ ಬೀಗ ಬಿದ್ದ ಕೋಚ್

ಹೊಟ್ಟೆಪಾಡಿಗೆ ಕಡಲು ದಾಟಿ ಗ್ರೇವಿಕ್ ಗಣಿಯೂರಿಗೆ ಬಂದ ಮತೂಶ್ ಬರ್ಟಾನಿಗೆ ವಾರದಲ್ಲಿ ಆರು ದಿನ ನೆಲದಡಿ ಕಲ್ಲಿದ್ದಲು ಒಡೆಯುವ ಕೆಲಸ. ಭಾನುವಾರ ಮಾತ್ರ ಅವನು ರಾಜ. ಚರ್ಚಿನಿಂದ ನೇರವಾಗಿ ಮೈದಾನಕ್ಕೆ ಹೋಗಿ ಊರಿನ ಫುಟ್‌ಬಾಲ್ ತಂಡವನ್ನು ಆಡಿಸುತ್ತಿದ್ದ. ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ನುಗ್ಗುವ ಆ ಆಟದಲ್ಲಿ ಹನ್ನೊಂದು ವರ್ಷ ತಾನೂ ಆಡಿದ, ಆಡುತ್ತಲೇ ಉಳಿದ ಹತ್ತು ಮಂದಿಯನ್ನೂ ಗದರಿಸಿದ. ಅವನ ಗಂಟಲು ಆಚೆ ಗುಡ್ಡಕ್ಕೂ ಕೇಳುತ್ತಿತ್ತು.

೧೯೨೨ರ ಶರತ್ಕಾಲದಲ್ಲಿ ಮೊಣಕಾಲು ಕೈಕೊಟ್ಟಿತು. ಆಟ ಬಿಟ್ಟು ಬರೀ ಕೋಚಾಗಿ ಬೆಂಚಿಗೆ ಬಂದ. ಬೆಂಚಿನ ಮೇಲೆ ಕೂತವರು ಆಟಗಾರರಿಗೆ ಸಲಹೆ ಕೊಡಕೂಡದು ಎಂಬುದು ಆಗಿನ ನಿಯಮ. ತುಟಿ ಬಿಚ್ಚಿದರೆ ರೆಫರಿ ತಂಡವನ್ನು ಹದಿನೈದು ಗಜ ಹಿಂದೆ ತಳ್ಳುತ್ತಿದ್ದ. ಮೊಣಕಾಲಿನ ನೋವನ್ನಾದರೂ ಸಹಿಸಬಹುದಿತ್ತು, ಈ ಮೌನವ್ರತ ಮತೂಶನಿಗೆ ಪ್ರಾಣಸಂಕಟವಾಯಿತು.

ಬಾಯಿ ಮುಚ್ಚಿಕೊಂಡು ಎರಡು ಪಂದ್ಯ ಸೋತ ಮೇಲೆ ತಂಡದ ಖರ್ಚು ನೋಡುತ್ತಿದ್ದ ಗಣಿಯ ಮ್ಯಾನೇಜರ್ ವಿಟ್ಕಂಬ್ ಕರೆಸಿ, ಬರುವ ಭಾನುವಾರ ಬಾರ್ಲೋ ಊರಿನವರ ಕೈಲೂ ಸೋತರೆ ಕಾಲೇಜು ಕಲಿತ ಕೋಚನ್ನು ತರುವುದಾಗಿ ಹೇಳಿದ. ಮತೂಶ್ ಮನೆಗೆ ಬಂದು ಎಲೆಕೋಸಿನ ಸಾರನ್ನು ಮುಟ್ಟಲಿಲ್ಲ. ಯಾರು ಸತ್ತರೆಂದು ಹೆಂಡತಿ ಜುಜಾನಾ ಕೇಳಿದಳು. ಇನ್ನೂ ಯಾರೂ ಇಲ್ಲ ಎಂದ.

ಭಾನುವಾರ ಪಾದ್ರಿಯ ಪ್ರವಚನದ ನಡುವೆ ಅವನಿಗೆ ಉಪಾಯ ಹೊಳೆಯಿತು. ರೆಫರಿಗೆ ಇಂಗ್ಲಿಷ್ ಬಿಟ್ಟರೆ ಬೇರೇನೂ ಬಾರದು. ಆಕಾಶ ನೋಡುತ್ತ ತಮ್ಮ ತಾಯ್ನುಡಿಯಾದ ಸ್ಲೋವಾಕ್ ಭಾಷೆಯಲ್ಲಿ ಕೂಗಿದರೆ ಯಾರಪ್ಪ ತಡೆಯುವವರು? ತನ್ನ ಬುದ್ಧಿಗೆ ತಾನೇ ಮೆಚ್ಚಿ ಕಿಸಕ್ಕನೆ ನಕ್ಕು ಜುಜಾನಾಳಿಂದ ತಿವಿಸಿಕೊಂಡ.

ಅಂದಿನ ಪಂದ್ಯದಲ್ಲಿ ಬಾರ್ಲೋ ಮೂರು ಅಂಕ ಮುಂದಿತ್ತು, ಎರಡೇ ನಿಮಿಷ ಉಳಿದಿತ್ತು. ದಾಟಿದರೆ ಆರು ಅಂಕ ಸಿಗುವ ಗೆರೆ ಹನ್ನೆರಡು ಗಜ ದೂರ. ಮೈದಾನದ ಒಂದು ಬದಿಗೆ ಹೊಳೆ, ಇನ್ನೊಂದು ಬದಿಗೆ ಗುಡ್ಡ. ಚೆಂಡು ಹಿಡಿದು ಆಡಿಸುವವನು ಮತೂಶನ ಅಕ್ಕನ ಮಗ ಯಾನೊ. ಮತೂಶ್ ಎದ್ದು ಎರಡೂ ಕೈ ಮೇಲೆತ್ತಿದ.

"ಅಯ್ಯೋ ದೇವ್ರೇ, ಹೊಳೆ ಕಡೆ ಬಯಲಾಗಿದೆಯಲ್ಲಪ್ಪಾ, ಹೊಳೆ ಕಡೆ ನುಗ್ಬಾರ್ದಾ?"

ರೆಫರಿ ಪ್ರಾರ್ಥನೆಯೆಂದು ತಿಳಿದು ಸುಮ್ಮನಾದ. ಆದರೆ ಬಾರ್ಲೋ ತಂಡದ ಅರ್ಧಕ್ಕರ್ಧ ಜನ ಹುಟ್ಟುನಾಡಿನಲ್ಲಿ ಮತೂಶನ ಜಿಲ್ಲೆಯವರೇ, ಅವನು ಬಂದ ಹಡಗಿನಲ್ಲೇ ಬಂದವರು. ಅವರಲ್ಲೊಬ್ಬ ಜುಜಾನಾಳ ಸ್ವಂತ ತಮ್ಮ, ತಿಂಗಳಿಗೊಮ್ಮೆ ಇವನ ಮನೆಯಲ್ಲೇ ಉಣ್ಣುವವನು. ಅವನು ಹಲ್ಲುಕಿರಿದು ಹೊಳೆ ಕಡೆಗೆ ಸರಿದ, ಹಿಂದೆಯೇ ಇಡೀ ಸಾಲು ಸರಿಯಿತು. ಹನ್ನೊಂದು ವರ್ಷದ ಹೆಸರನ್ನು ಒಂದೇ ಕೂಗಿನಲ್ಲಿ ತೊಳೆದುಕೊಂಡೆನಲ್ಲ ಎಂದು ಮತೂಶ್ ಕಣ್ಣು ಮುಚ್ಚಿಕೊಂಡ.

ಕಣ್ಣು ಬಿಟ್ಟಾಗ ಯಾನೊ ಗುಡ್ಡದ ಕಡೆಯಿಂದ ಓಡಿ, ಯಾರ ಕೈಯೂ ಸೋಕದೆ ಗೆರೆ ದಾಟಿದ್ದ.

ಕೂಗಿನ ಅರ್ಥವನ್ನು ಪಕ್ಕದವರಿಂದ ತಿಳಿದುಕೊಂಡ ವಿಟ್ಕಂಬ್ ಓಡಿಬಂದು ಕೈ ಕುಲುಕಿದ. ಎಂಥಾ ತಂತ್ರ, ಒಂದು ಕಡೆ ಕೂಗಿ ಇನ್ನೊಂದು ಕಡೆ ಓಡಿಸಿದೆಯಲ್ಲ, ಕಾಲೇಜಿನವನು ಯಾಕೆ ಬೇಕು ಎಂದ. ಜೀವಮಾನದಲ್ಲಿ ಒಮ್ಮೆ ಬಾಯಿ ಮುಚ್ಚಿಕೊಂಡಿದ್ದರೆ ಲಾಭವಿದ್ದದ್ದು ಆಗಲೇ. ಅದು ಮತೂಶನಿಂದಾಗಲಿಲ್ಲ.

"ಇಲ್ಲ ಸಾಹೇಬ್ರೇ. ನಾನು ನಿಜವಾಗ್ಲೂ ಹೊಳೆ ಕಡೇನೇ ಹೋಗು ಅಂದಿದ್ದು. ಈ ಯಾನೊ ನನ್ ಮಾತು ಕೇಳ್ಲಿಲ್ಲ, ಅದಕ್ಕೇ ಗೆದ್ವಿ. ಕೋಚ್ ಕೆಲ್ಸ ಇವ್ನಿಗೇ ಕೊಟ್ಬಿಡಿ."

ವಿಟ್ಕಂಬ್ ಯಾನೊನತ್ತ ತಿರುಗಿದ. ಯಾನೊ ಮೂಗಿನ ರಕ್ತ ಒರೆಸಿಕೊಂಡ.

"ಕೇಳ್ಲಿಲ್ಲ ಅಂತ ಯಾರು ಹೇಳಿದ್ದು ಮಾವ? ಯಾರು ಏನೇ ಕೂಗ್ಲಿ, ಎದುರುಗಡೆಯೋರ ಕಾಲು ನೋಡ್ಕೊಂಡು ಓಡು ಅಂತ ಹತ್ತು ವರ್ಷದಿಂದ ಬಡ್ಕೊಂಡೋರು ನೀವೇ ಅಲ್ವಾ? ಇವತ್ತೂ ಅದನ್ನೇ ಮಾಡ್ದೆ."

ಮತೂಶನಿಗೆ ಜನರೆದುರೇ ಕಣ್ಣು ತುಂಬಿ ಬಂತು. ಆಮೇಲೆ ಒಂಬತ್ತು ವರ್ಷ ಅದೇ ಬೆಂಚಿನ ಮೇಲೆ ಕೂತು ತಂಡ ನಡೆಸಿದ, ಪಂದ್ಯದ ಹೊತ್ತಿನಲ್ಲಿ ಒಮ್ಮೆಯೂ ತುಟಿ ಬಿಚ್ಚಲಿಲ್ಲ.