ಚರ್ಚಿನಲ್ಲಿ ತೂಗಿದ ಗರಡಿಯ ಗುಂಡು

ಮೊನ್ನೆ ಕೋರ್ಟಿನಿಂದ ನಡೆದು ಬರುವಾಗ ದಾರಿಯ ಗರಡಿಮನೆಯೊಂದರ ಬಾಗಿಲು ತೆರೆದಿತ್ತು. ಹೊಸದಾಗಿ ಹದ ಮಾಡಿದ ಕೆಮ್ಮಣ್ಣಿನ ವಾಸನೆ, ಅದರೊಳಗೆ ಎಣ್ಣೆ, ಅರಿಸಿನ, ಕರ್ಪೂರ... ಬೇರೆಯವರಿಗಾದರೆ ಯಾರಾದರೂ ಪೈಲ್ವಾನರು ನೆನಪಾಗುತ್ತಿದ್ದರು. ನನಗೆ ನೆನಪಾದದ್ದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟ ಮೇಷ್ಟ್ರು. ತುಂಬಿದ ಬಿಂದಿಗೆ ಎತ್ತಿದರೆ ಏದುಸಿರು ಬಿಡುತ್ತಿದ್ದ ಸಣಕಲು ಮನುಷ್ಯ.

ಆಗ ನಾನು ಶಾಲೆಯ ಡಿಬೇಟುಗಳಲ್ಲಿ ಗೆಲ್ಲುತ್ತಿದ್ದ ಕಾಲ. ಪಂಚಾಂಗ ನೋಡದೆ ಕ್ಷೌರಕ್ಕೂ ಹೋಗದ ಮನೆ ನಮ್ಮದು. ರಾಹುಕಾಲಕ್ಕೆ ಪುರಾವೆ ಕೇಳಿ ಮನೆಯಲ್ಲಿ ಬೈಸಿಕೊಂಡವನು ಶಾಲೆಗೆ ಬಂದು ಪುಸ್ತಕ ಹೇಳಿದ್ದನ್ನು ಮಾತ್ರ ಹಾಗೇ ನುಂಗುವುದು ಯಾವ ನ್ಯಾಯ? ನಾನು ನುಂಗುತ್ತಿರಲಿಲ್ಲ.

ಮೇಷ್ಟ್ರು ವರ್ಷವಿಡೀ ಕಾಯುತ್ತಿದ್ದ ಪಾಠವೊಂದಿತ್ತು, ಆಕಾಶದ ಚಲನೆಯದು. ಅದು ಹತ್ತಿರ ಬಂತೆಂದರೆ ಮುಸ್ಸಂಜೆಯಲ್ಲಿ ನಮ್ಮನ್ನು ಬನ್ನಿಮಂಟಪದ ಬಯಲಿಗೆ ಕರೆದೊಯ್ದು, ಉತ್ತರದ ಮರಗಳ ಮೇಲೆ ಸ್ವಲ್ಪವೇ ಎತ್ತರದಲ್ಲಿ ಮಿಣುಕುವ ಧ್ರುವ ನಕ್ಷತ್ರವನ್ನು ತೋರಿಸುವರು. ಮಾರನೆಯ ದಿನ ಕ್ಲಾಸಿನಲ್ಲಿ, ಹಬ್ಬದ ಅಡಿಗೆ ಬಡಿಸುವವರ ಹಾಗೆ ಪಾಠ ಶುರುಮಾಡುವರು.

"ಸೂರ್ಯ ಹುಟ್ಟೋದೂ ಇಲ್ಲ, ಮುಳುಗೋದೂ ಇಲ್ಲ. ತಿರುಗ್ತಿರೋದು ನಾವು."

ನಾನು ಎದ್ದು ನಿಂತೆ. "ಸಾರ್, ಸ್ಟೇಷನ್ನಿನಲ್ಲಿ ಪಕ್ಕದ ಗಾಡಿ ಹೊರಟರೆ ನಮ್ಮ ಗಾಡಿಯೇ ಹೊರಟ ಹಾಗೆ ಅನ್ಸುತ್ತೆ. ಪ್ಲಾಟ್‌ಫಾರಂ ನೋಡಿ ನಿಜ ಯಾವುದು ಅಂತ ತಿಳ್ಕೋತೀವಿ. ಭೂಮಿಗೆ ಪ್ಲಾಟ್‌ಫಾರಂ ಎಲ್ಲಿದೆ, ತೋರಿಸಿ."

ಕ್ಲಾಸು ಗೊಳ್ಳೆಂದಿತು. ಬೇರೆ ಮೇಷ್ಟ್ರಾಗಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಇವರು ಸುಣ್ಣದ ಕಡ್ಡಿಯನ್ನು ಕೆಳಗಿಟ್ಟರು.

"ನಾನೂ ಓದಿದ್ದೇ ಕಣೋ, ಕಂಡಿದ್ದಲ್ಲ," ಎಂದರು. ಆಮೇಲೆ, "ನೋಡೇಬುಡೋಣ," ಎಂದರು.

ಉದ್ದವಾದ ತಂತಿಗೆ ಭಾರದ ಗುಂಡು ಕಟ್ಟಿ ತೂಗಬಿಟ್ಟರೆ ಅದು ತಾನು ಹಿಡಿದ ದಿಕ್ಕನ್ನು ಬಿಡುವುದಿಲ್ಲ. ಭೂಮಿಯ ಸೆಳೆತ ಅದನ್ನು ಕೆಳಕ್ಕೆ ಎಳೆದೀತೇ ಹೊರತು ಪಕ್ಕಕ್ಕೆ ತಿರುಗಿಸದು. ಅಡಿಯ ನೆಲವೇ ತಿರುಗುತ್ತಿದ್ದರೆ ಗುಂಡು ಮೆಲ್ಲಗೆ ಗೆರೆ ಬಿಟ್ಟು ಸರಿದಂತೆ ಕಾಣಬೇಕು. ಒಂದು ಗಂಟೆಯಲ್ಲಿ ಎಷ್ಟು ಸರಿಯಬೇಕೆಂಬುದೂ ಅವರ ಇಂಗ್ಲಿಷ್ ಪುಸ್ತಕದಲ್ಲಿತ್ತು. ಇದಕ್ಕೆ ಬೇಕಾದದ್ದು ಎತ್ತರದ ಸೂರು. ಮೇಷ್ಟ್ರದು ಊರಿನ ಹಳೆಯ ಕ್ರೈಸ್ತ ಮನೆತನ. ತಮ್ಮ ಚರ್ಚಿನ ಪಾದ್ರಿಗಳನ್ನು ಒಪ್ಪಿಸಿ ಬಂದರು.

"ಭೂಮಿ ತಿರುಗುತ್ತೆ ಅಂದವರನ್ನ ಹಿಂದೆ ದಂಡಿಸಿದ್ದು ನಿಮ್ಮವರೇ ಅಲ್ವೇ ಸಾರ್?" ಎಂದು ಕೆಣಕಿದೆ.

"ಅದಕ್ಕೇ ಕಣೋ, ಅಲ್ಲೇ ನೇತುಹಾಕೋಣ," ಎಂದು ನಕ್ಕರು. ನಗು ನಿಂತ ಮೇಲೆ ಇಡೀ ಕ್ಲಾಸಿನ ಎದುರು ಒಂದು ಮಾತು ಕೊಟ್ಟರು: "ಗುಂಡು ಪುಸ್ತಕ ಹೇಳಿದ ಗೆರೆ ಮುಟ್ಟಿದರೆ ಇವನು ಒಪ್ಪಬೇಕು. ಮುಟ್ಟದಿದ್ದರೆ ಈ ಪಾಠ ಇನ್ನು ನನ್ನ ಬಾಯಲ್ಲಿ ಬರೋದಿಲ್ಲ." ಕೊಟ್ಟ ಮಾತಿಗೆ ತಪ್ಪುವವರಲ್ಲವೆಂದು ನಮಗೆಲ್ಲ ಗೊತ್ತಿತ್ತು.

ಶನಿವಾರ ಬೆಳಿಗ್ಗೆ ಗರಡಿಯಿಂದ ಎರವಲು ತಂದ ಕಲ್ಲುಗುಂಡನ್ನು, ಕೆಮ್ಮಣ್ಣು ಅಂಟಿದ್ದ ಹಾಗೆಯೇ, ಚರ್ಚಿನ ತೊಲೆಯಿಂದ ಇಳಿಬಿಟ್ಟೆವು. ನೆಲದ ಮೇಲೆ ರಂಗೋಲಿಪುಡಿಯಲ್ಲಿ ಎರಡು ಗೆರೆ: ಗುಂಡು ಹೊರಡುವ ಗೆರೆ ಒಂದು, ಗಂಟೆಯ ಹೊತ್ತಿಗೆ ಮುಟ್ಟಬೇಕಾದ ಗೆರೆ ಇನ್ನೊಂದು. ಎರಡರ ತುದಿಗಳ ನಡುವೆ ಸುಮಾರು ಒಂದು ಗೇಣು. ಕೈ ತಾಗಿದರೆ ದಿಕ್ಕು ಕೆಡುತ್ತದೆಂದು ಗುಂಡನ್ನು ದಾರದಿಂದ ಎಳೆದು ಕಟ್ಟಿ, ಮೇಣದ ಬತ್ತಿಯಿಂದ ದಾರ ಸುಟ್ಟರು. ಗುಂಡು ಹೊರಟಿತು. ಹೋಯಿತು, ಬಂತು... ಪಾದ್ರಿಗಳೂ ಬಂದು ಕಂಬಕ್ಕೆ ಒರಗಿ ನಿಂತರು.

ಗಂಟೆ ಕಳೆದಾಗ ಗುಂಡು ಪ್ರದಕ್ಷಿಣೆಯ ದಿಕ್ಕಿನಲ್ಲಿ ಮೂರು ಬೆರಳಿನಷ್ಟು ಸರಿದಿತ್ತು. ಅಷ್ಟೇ. ಎರಡನೆಯ ಗೆರೆ ದೂರದಲ್ಲೇ ಉಳಿಯಿತು.

"ತಂತಿ ತಿರುಚಿರಬಹುದು ಸಾರ್," ಎಂದ ಯಾವನೋ, ಪಾಪ, ಅವರನ್ನು ಉಳಿಸಲು.

"ಇರಬಹುದು. ಆದರೆ ಮುಟ್ಟಲಿಲ್ಲ," ಎಂದು ಮೇಷ್ಟ್ರು ಬಗ್ಗಿ ರಂಗೋಲಿ ಒರೆಸಿದರು. "ನೀನು ಗೆದ್ದೆ ಕಣೋ."

ಸೋಮವಾರ ಆ ಅಧ್ಯಾಯ ಬಿಟ್ಟು ಉಷ್ಣದ ಪಾಠ ಶುರುವಾಯಿತು. ಕಾಯಿಸಿದರೆ ಕಬ್ಬಿಣ ಹಿಗ್ಗುತ್ತದೆ, ಇತ್ಯಾದಿ. ಸರಿಯಾಗಿಯೇ ಹೇಳಿದರು, ಆದರೆ ಬೇರೆಯವರ ಮನೆಯ ಅಡಿಗೆ ಬಡಿಸುವವರ ಹಾಗಿತ್ತು. ಗೆಳೆಯರು ನನ್ನ ಬೆನ್ನು ತಟ್ಟಿದರು. ನನಗೋ ಒಳಗೊಳಗೇ ಕಿರಿಕಿರಿ. ನಾನು ಕೇಳಿದ್ದು ಉತ್ತರವನ್ನು, ಸಿಕ್ಕಿದ್ದು ಗೆಲುವು. ಎದುರು ಪಕ್ಷದ ವಾದವನ್ನು ಅವರಿಗಿಂತ ಚೆನ್ನಾಗಿ ಮಾಡಿ ನೋಡಬೇಕೆಂಬುದು ಡಿಬೇಟಿನ ಮೊದಲ ಅಭ್ಯಾಸ. ಮಾಡಿ ನೋಡಿದೆ. ಭೂಮಿ ನಿಂತೇ ಇದ್ದರೆ ಆ ಮೂರು ಬೆರಳಾದರೂ ಏಕೆ?

ಭಾನುವಾರ ಅವರ ಮನೆಗೆ ಹೋದೆ. ಚಕೋತ ಸುಲಿಯಲು ಕೂತಿದ್ದರು.

"ಸಾರ್, ಭೂಮಿ ತಿರುಗುತ್ತೆ ಅಂತ ವಾದ ಮಾಡೋಕೆ ಬಂದಿದೀನಿ."

"ಸರಿ, ನಿಂತಿದೆ ಅಂತ ನಾನು. ಶುರುಮಾಡು."

ಸುಮಾರು ಹೊತ್ತು ಕಿತ್ತಾಡಿದೆವು. ಅವರು ನನಗಿಂತ ಮೊಂಡರು. ಕೊನೆಗೆ ಕೇಳಿದೆ: "ಆ ಪುಸ್ತಕ ಬರೆದವನು ಯಾವೂರಲ್ಲಿ ಕೂತು ಬರೆದ ಸಾರ್?"

"ಲಂಡನ್ನು."

"ಅಲ್ಲಿ ಧ್ರುವ ನಕ್ಷತ್ರ ಎಷ್ಟು ಎತ್ತರದಲ್ಲಿ ಕಾಣುತ್ತೆ?"

"ನಮಗಿಂತ ಬಹಳ ಮೇಲೆ..." ಎನ್ನುತ್ತಲೇ ಅವರ ಕೈ ನಿಂತಿತು. ಚಕೋತದ ನೆತ್ತಿಯಲ್ಲಿ ಒಂದು ಬೆಂಕಿಕಡ್ಡಿ ಚುಚ್ಚಿದರು, ನಡುವಿನ ಹತ್ತಿರ ಇನ್ನೊಂದು. ಹಣ್ಣನ್ನು ಮೆಲ್ಲಗೆ ತಿರುಗಿಸಿದರು. ನೆತ್ತಿಯ ಕಡ್ಡಿ ನಿಂತಲ್ಲೇ ಬುಗುರಿಯಾಯಿತು. ನಡುವಿನದು ಸುತ್ತಿ ಬಂತು, ತಾನು ಬುಗುರಿಯಾಗಲಿಲ್ಲ. ನೆತ್ತಿಯಲ್ಲಿ ನಿಂತವನ ಕಾಲಡಿಯಲ್ಲಿ ನೆಲ ತಿರುಗುತ್ತದೆ. ನಡುವಿನಲ್ಲಿ ನಿಂತವನನ್ನು ಹೊತ್ತೊಯ್ಯುತ್ತದೆ, ಅಷ್ಟೇ. ಲಂಡನ್ನು ನೆತ್ತಿಯ ಕಡೆಗೆ, ಮೈಸೂರು ನಡುವಿನ ಕಡೆಗೆ. ಪುಸ್ತಕದ ಗೇಣು ಅವನ ಊರಿನ ಗೇಣು. ಲೆಕ್ಕ ಹಾಕಿದರೆ ನಮ್ಮೂರಿಗೆ ಬಂದದ್ದು ಮೂರು ಬೆರಳೇ!

"ಗೆರೆ ಎಳೆದದ್ದೇ ತಪ್ಪು ಜಾಗದಲ್ಲಿ ಕಣೋ," ಎಂದು ತೊಡೆ ತಟ್ಟಿಕೊಂಡು ನಕ್ಕರು.

"ಹಾಗಾದ್ರೆ ನಾಳೆ ಪಾಠ ಮಾಡ್ತೀರಲ್ಲ ಸಾರ್?"

"ಅದು ಹೇಗೆ? ಗೆರೆ ಮುಟ್ಟದಿದ್ದರೆ ನನ್ನ ಬಾಯಲ್ಲಿ ಬರೋದಿಲ್ಲ ಅಂದಿದ್ದೀನಲ್ಲ. ನೀನು ಮಾಡು."

ಮಾರನೆಯ ದಿನ ನಾನು ಹಲಗೆಯ ಮುಂದೆ, ಮೇಷ್ಟ್ರು ನನ್ನ ಬೆಂಚಿನಲ್ಲಿ. ಎರಡು ವಾಕ್ಯ ಮುಗಿಯುವಷ್ಟರಲ್ಲಿ ಕೈ ಎತ್ತಿದರು: "ಭೂಮಿ ಅಷ್ಟು ಜೋರಾಗಿ ತಿರುಗ್ತಿದ್ರೆ, ಹಾರಿಹೋದ ಕಾಗೆಗೆ ವಾಪಸ್ಸು ಗೂಡು ಹೇಗೆ ಸಿಗುತ್ತೆ ಸಾರ್?" ನಾನು ತೊದಲಿದೆ. ಗಾಳಿಯೂ ಕಾಗೆಯೂ ಭೂಮಿಯ ಜೊತೆಗೇ ಸಾಗುತ್ತವೆ ಎನ್ನುವಷ್ಟರಲ್ಲಿ ಬೆವತುಹೋದೆ. ಅವರ ಮುಖ ನೋಡಬೇಕಿತ್ತು... ಹಬ್ಬದ ಊಟಕ್ಕೆ ಕೂತವರ ಮುಖ.

ಅಲ್ಲಿಂದಾಚೆಗೆ ಪ್ರತಿ ವರ್ಷ ಆ ಪಾಠವನ್ನು ಒಬ್ಬ ಹುಡುಗನೇ ಮಾಡಿದನಂತೆ. ಮೇಷ್ಟ್ರು ಬೆಂಚಿನಲ್ಲಿ ಕೂತು ಕಾಡಿದರಂತೆ.

ಹೋದ ವರ್ಷ ಯಾವುದೋ ಪತ್ರಿಕೆಯಲ್ಲಿ ಓದಿದೆ: ಸೂರ್ಯನ ಪಕ್ಕದಲ್ಲಿ ಹಾದುಬರುವ ಬೆಳಕೂ ಅವನ ಸೆಳೆತಕ್ಕೆ ಬಾಗುತ್ತದಂತೆ. ತೂಕವೇ ಇಲ್ಲದ ಬೆಳಕು ಬಾಗುವುದೆಂದರೇನು? ನಾನು ನಂಬಲಿಲ್ಲ. ಮೇಷ್ಟ್ರ ಮನೆಗೆ ಹೋಗಿ ಒಂದು ಕೈ ನೋಡಬೇಕೆಂದು ವಾದವನ್ನೆಲ್ಲ ಜೋಡಿಸಿಕೊಂಡಿದ್ದೆ. ಈ ವಾರ ಕೇಸು, ಮುಂದಿನ ವಾರ ಹೋದರಾಯಿತು ಎನ್ನುತ್ತಿದ್ದಾಗ ಅವರು ತೀರಿಕೊಂಡ ಸುದ್ದಿ ಬಂತು. ಮಣ್ಣಿಗೆ ಹೋಗಿ ಬಂದೆ.

ಬೆಳಕಿನ ಆ ವಿಷಯವನ್ನು ಕೋರ್ಟಿನ ಗೆಳೆಯರಿಗೂ ಹೇಳಿ ನೋಡಿದೆ. "ಇರಬಹುದು ಕಣ್ರೀ, ದೊಡ್ಡವರು ಹೇಳಿದ ಮೇಲೆ," ಎಂದು ಕಾಫಿ ಕುಡಿದರು. ಬೆಳಕು ಬಾಗುತ್ತದೆಂದು ನಾನು ಇಂದಿಗೂ ನಂಬಿಲ್ಲ. ನಂಬದಿದ್ದರೆ ಹೋಗಿ ಜಗಳವಾಡಲು ಆಗ ಒಂದು ಮನೆ ಇತ್ತು. ಈಗ ನಂಬದೆ, ಸುಮ್ಮನೆ ಇದ್ದೇನೆ.