ಮಾಸ್ತರರು ಕಲಿಸದ ಒದೆತ

ಇವತ್ತು ಮಗಳ ಟೇಕ್ವಾಂಡೋ ಕ್ಲಾಸಿನ ಹೊರಗೆ ಯಾರೋ ಮರ ಕೊಯ್ಯಿಸುತ್ತಿದ್ದರು. ಆ ಹುಡಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ಯಲ್ಲಾಪುರದ ಸಾಮಿಲ್ಲಿನ ಹಳೇ ಶೆಡ್ಡು ಕಣ್ಣ ಮುಂದೆ ಬಂತು.

ನಾನು ಶಾಲೆಗೆ ಹೋಗುತ್ತಿದ್ದಾಗ ಅಲ್ಲಿ ದಾಸನಕೊಪ್ಪ ಕಡೆಯ ಮಾಸ್ತರರೊಬ್ಬರು ನಮಗೆ ಒದೆಯುವುದನ್ನು ಕಲಿಸುತ್ತಿದ್ದರು. ಮರದ ಹುಡಿ ತುಂಬಿದ ಗೋಣಿಚೀಲವೇ ಎದುರಾಳಿ. "ಟೇಕ್ವಾಂಡೋದಾಗ ಮೊಣಕಾಲು ಎದಿಮಟ ಎತ್ತಿ ಮ್ಯಾಲೆ ಒದೀತಾರವ್ವ. ಹಾಪ್ಕಿಡೋನೂ ಕೊರಿಯಾದ್ದೇ, ಆದ್ರ ಅದ್ರಾಗ ಕೈ ಹಿಡಿದು ಎಳ್ದು ಕೆಳಗ ಕಾಲಿಗೇ ಹೊಡೀತಾರ. ನೀ ಗಿಡ್ಡಿ ಇದ್ದಿ, ನಿಂಗ ಕೆಳಗಿಂದೇ ಛಲೋ" ಎನ್ನುತ್ತಿದ್ದರು. ಮನೆಯಲ್ಲಿ ಆಯಿ, ಅಂದರೆ ಅಮ್ಮ, ನನ್ನ ಮೊಣಗಂಟಿಗೆ ಎಣ್ಣೆ ತಿಕ್ಕುತ್ತಾ, "ಎಂತಕ್ಕೆ ಬೇಕಾಗಿತ್ತು ಕೂಸೆ ನಿಂಗೆ?" ಎಂದು ಗೊಣಗುತ್ತಿದ್ದಳು. ನನಗೋ, ಮಾಸ್ತರರು ನನಗೊಬ್ಬಳಿಗೇ ಏನೋ ಕೊಟ್ಟಿದ್ದಾರೆಂಬ ಜಂಬ.

ಶಿರಸಿಯಲ್ಲಿ ಟೇಕ್ವಾಂಡೋ ಸ್ಪರ್ಧೆಯಾಯಿತು. ಅಲ್ಲಿ ಸೊಂಟದ ಕೆಳಗೆ ಒದೆಯುವಂತಿಲ್ಲ. ಅದು ಮಾಸ್ತರರಿಗೆ ಗೊತ್ತಿತ್ತು, ನನಗೆ ಹೇಳಿರಲಿಲ್ಲ. ಎದುರಿನ ಹುಡುಗಿಯ ಕಾಲಿಗೆ ಒದ್ದೆ, ಅವಳು ಬಿದ್ದು ಅತ್ತಳು. ರೆಫರಿ ಸಿಟ್ಟಿನಿಂದ, "ಯಾರು ಕಲಿಸಿದ್ದು ಇದನ್ನ?" ಎಂದರು. ನಾನು ಮಾಸ್ತರರನ್ನು ನೋಡಿದೆ. ಅವರು ನನ್ನತ್ತ ತಿರುಗಲೇ ಇಲ್ಲ.

"ನಾ ಕಲಿಸಿಲ್ರೀ ಸರ. ಎಲ್ಲಿ ನೋಡಿ ಬಂದಾಳೋ ಏನೋ."

ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಆಮೇಲೆ ಆ ಶೆಡ್ಡಿನ ಕಡೆ ತಲೆ ಹಾಕಲಿಲ್ಲ.

ಕ್ಲಾಸು ಮುಗಿಸಿ ಬಂದ ಮಗಳಿಗೆ ಅಲ್ಲೇ ನಿಂತು ಆ ಒದೆತ ತೋರಿಸಿದೆ. ಕಾಲು ಏನನ್ನೂ ಮರೆತಿರಲಿಲ್ಲ.

"ಅಬ್ಬಾ! ಯಾರು ಕಲಿಸಿದ್ದು ಅಮ್ಮಾ?"

"ಯಾರೂ ಕಲಿಸಿಲ್ಲ" ಎಂದೆ.